ಪರೀಕ್ಷೆಯಲ್ಲಿ ತೊಂಬತ್ತು, ಅಂಗಡಿಯಲ್ಲಿ ಸೊನ್ನೆ: ತೈಪೆಯಲ್ಲಿ ಚೀನೀ ಕಲಿಯುವವಳ ಪಾಡು

ತುಂಗಾತೀರ (ತೈಪೆ) · ಮಾರ್ಚ್ 2, ರಾತ್ರಿ 10:40

ನಾನು ತೀರ್ಥಹಳ್ಳಿಯ ಕಡೆಯವಳು. ಕಳೆದ ಸೆಪ್ಟೆಂಬರ್‌ನಿಂದ ತೈಪೆಯಲ್ಲಿದ್ದೇನೆ. ಹೊರದೇಶದವರು ಚೀನೀ ಕಲಿಯಲೆಂದೇ ತೈವಾನ್ ಸರ್ಕಾರ ಕೊಡುವ ವಿದ್ಯಾರ್ಥಿವೇತನ ಸಿಕ್ಕಿತು, ವೀಸಾಕ್ಕಾಗಿ ಚೆನ್ನೈಗೆ ಎರಡು ಸಲ ಓಡಾಡಿ ಬಂದು ಸೇರಿಕೊಂಡೆ. ವಾರಕ್ಕೆ 15 ಗಂಟೆ ಪಾಠ. ಮಿಕ್ಕ ಹೊತ್ತೆಲ್ಲ ಅಕ್ಷರ ತಿದ್ದುವುದು. ಇಲ್ಲಿನದು ಹಳೆಯ, ಸರಳಗೊಳಿಸದ ಲಿಪಿ. ‘ತೈವಾನ್’ ಎಂದು ಬರೆಯುವುದಕ್ಕೇ 39 ಗೆರೆ ಬೇಕು: ಮೊದಲ ಅಕ್ಷರಕ್ಕೆ 14, ಎರಡನೆಯದಕ್ಕೆ 25. ಊರಿನವರು ಮೊದಲನೆಯದನ್ನು ಐದೇ ಗೆರೆಯಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಮೇಡಂ ಮಾತ್ರ ಬಿಡುವುದಿಲ್ಲ.

ಪರೀಕ್ಷೆಯಲ್ಲಿ ತೊಂಬತ್ತರ ಮೇಲೆ ಬರುತ್ತದೆ. ಬೀದಿಗೆ ಇಳಿದರೆ ಬಾಯಿ ಕಟ್ಟುತ್ತದೆ. ನಿನ್ನೆಯದನ್ನು ಕೇಳಿ. ಸಾರಿಗೆ ಒಗ್ಗರಣೆ ಹಾಕಿ ನೋಡುತ್ತೇನೆ, ಉಪ್ಪಿಲ್ಲ. ಬೀದಿಯ ಮೂಲೆಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಅಂಗಡಿಯಿದೆ. ಗಲ್ಲಾದ ಮುಂದೆ ನಿಂತು, ಪುಸ್ತಕದಲ್ಲಿ ಕಲಿತ ಹಾಗೆಯೇ, ‘ಯೆನ್ ಇದೆಯೇ?’ ಎಂದು ಕೇಳಿದೆ. ಹುಡುಗ ‘ಯಾವುದು?’ ಎಂದ. ಉಪ್ಪಿನಲ್ಲಿ ಯಾವುದು ಎಂದರೇನು! ‘ಸಾಮಾನ್ಯವಾದದ್ದು’ ಎಂದೆ. ಅವನು ಬೆನ್ನ ಹಿಂದಿನ ಕಪಾಟಿಗೆ ತಿರುಗಿ, ಒಂದು ಸಿಗರೇಟ್ ಪ್ಯಾಕು ತೆಗೆದು ಮುಂದಿಟ್ಟು, ನನ್ನ ವಯಸ್ಸಿಗೆ ಗುರುತಿನ ಚೀಟಿ ಕೇಳಿದ.

ದನಿ ಏರಿಸಿದರೆ ಉಪ್ಪು, ಸಮವಾಗಿ ಎಳೆದರೆ ಸಿಗರೇಟು. ಎರಡೂ ‘ಯೆನ್’. ಹಿಂದೆ ಐದು ಜನ ಸಾಲಿನಲ್ಲಿದ್ದರು. ಬೇಡ ಎನ್ನುವ ಮಾತೂ ನೆನಪಾಗದೆ ಅಡ್ಡಡ್ಡ ತಲೆಯಾಡಿಸಿ ಹೊರಬಿದ್ದೆ. ಸಪ್ಪೆ ಸಾರು ಉಂಡು ಮಲಗಿದೆ.

ಈ ದಾರಿ ತುಳಿದವರು ಇಲ್ಲಿ ಯಾರಾದರೂ ಇದ್ದೀರಾ? ನಿಮಗೆ ಬಾಯಿ ಬಿಟ್ಟದ್ದು ಯಾವಾಗ, ಹೇಗೆ?

ಹುಳಿಯನ್ನ (ಶಿನ್‌ಚು) · ಮಾರ್ಚ್ 2, ರಾತ್ರಿ 11:15

ಮೊದಲು ಹೇಳಿ, ಯಾವ ಸಾರು?

ನಾನೂ ತೈವಾನಿನಲ್ಲೇ, ಪಿಎಚ್‌ಡಿ ಮಾಡುತ್ತ ನಾಲ್ಕು ವರ್ಷವಾಯಿತು. ಪ್ರಯೋಗಾಲಯದಲ್ಲಿ ಎಲ್ಲವೂ ಇಂಗ್ಲಿಷ್. ಆದ್ದರಿಂದ ನನ್ನದು ಪೂರ್ತಿ ಸಂತೆಯ ಚೀನೀ. ವ್ಯಾಕರಣ ಕೇಳಬೇಡಿ, ಬದನೆಕಾಯಿಯ ದರ ಕೇಳಿ.

ನನ್ನ ಬಾಯಿ ಬಿಡಿಸಿದ್ದು ಬಾಡಿಗೆ ಮನೆ. ಮನೆಯೊಡತಿ ‘ಯೀ ವಾನ್ ಅರ್’ ಎಂದರು. ಯೀ ಎಂದರೆ ಒಂದು, ವಾನ್ ಎಂದರೆ ಹತ್ತು ಸಾವಿರ, ಅರ್ ಎಂದರೆ ಎರಡು. ಹತ್ತು ಸಾವಿರದ ಎರಡು ತೈವಾನ್ ಡಾಲರ್. ಆ ಎರಡು ಡಾಲರ್ ಯಾಕಪ್ಪ ಎಂದುಕೊಂಡೇ ಒಪ್ಪಿದೆ. ತಿಂಗಳ ಕೊನೆಗೆ ಗೊತ್ತಾಯಿತು, ಅದು ಹನ್ನೆರಡು ಸಾವಿರ. ಕೊನೆಯ ಸ್ಥಾನದ ಹೆಸರನ್ನು ಇವರು ನುಂಗಿಬಿಡುತ್ತಾರೆ. ನಾವು ಲಕ್ಷದಲ್ಲಿ ಎಣಿಸುವವರು, ಇಂಗ್ಲಿಷಿನವರು ಸಾವಿರದಲ್ಲಿ, ಇವರು ಹತ್ತು ಸಾವಿರದಲ್ಲಿ. ಮೂರನ್ನೂ ತಲೆಯಲ್ಲಿ ಇಟ್ಟುಕೊಂಡು ಮನೆಯೊಡತಿಯ ಮುಂದೆ ನಿಲ್ಲುವುದು ಸುಲಭವಲ್ಲ.

ಅಂಕಿ ಪಳಗಬೇಕಾದರೆ ರಸೀದಿ ಎಸೆಯಬೇಡಿ. ಇಲ್ಲಿ ಅಂಗಡಿಯ ರಸೀದಿ ಎಂದರೆ ಸರ್ಕಾರಿ ಲಾಟರಿ ಚೀಟಿ. ಬೆಸ ಸಂಖ್ಯೆಯ ತಿಂಗಳುಗಳ 25ರಂದು ಎತ್ತುತ್ತಾರೆ. ಕೊನೆಯ ಮೂರು ಅಂಕಿ ಕೂಡಿಬಂದರೂ 200 ಡಾಲರ್. ಪಕ್ಕದ ಮನೆಯ ಅಜ್ಜ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ, ನಾನು ನನ್ನ ಕಟ್ಟನ್ನು ತಿರುವಿ ಹಾಕುತ್ತೇನೆ. ನಾಲ್ಕು ವರ್ಷದಲ್ಲಿ ಮೂರು ಸಲ ಬಂದಿದೆ. ಅಜ್ಜನಿಗೆ ನನಗಿಂತ ಹೆಚ್ಚು ಖುಷಿ.

ಊಟಕ್ಕೆ: ಫಲಕದಲ್ಲಿ ಸ್ವಸ್ತಿಕ ಕಂಡರೆ (ನಮ್ಮದಕ್ಕೆ ಕನ್ನಡಿ ಹಿಡಿದಂತೆ ಎಡಕ್ಕೆ ತಿರುಗಿರುತ್ತದೆ) ಧೈರ್ಯವಾಗಿ ಒಳಗೆ ಹೋಗಿ. ಬೌದ್ಧ ಸಂಪ್ರದಾಯದ ಸಸ್ಯಾಹಾರದ ಅಂಗಡಿ ಅದು. ತಟ್ಟೆಗೆ ನೀವೇ ಬಡಿಸಿಕೊಳ್ಳುವುದು, ಎಷ್ಟೋ ಕಡೆ ತೂಕಕ್ಕೆ ದುಡ್ಡು. ಕಟ್ಟುನಿಟ್ಟಿನ ಕಡೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ನಿಮ್ಮ ಅಜ್ಜಿ ಬಂದರೂ ಉಂಡಾರು. ಆದರೆ ಸೋಯಾದಲ್ಲಿ ಮೀನು, ಕೋಳಿಯ ತೊಡೆ ಎಲ್ಲವನ್ನೂ ಎಷ್ಟು ಚೆನ್ನಾಗಿ ಮಾಡಿಟ್ಟಿರುತ್ತಾರೆಂದರೆ ಅಜ್ಜಿ ಎದ್ದು ಹೋದಾರು.

ಸುಮ್ಮನೆ ಕೇಳಿದೆ (ಮೈಸೂರು) · ಮಾರ್ಚ್ 3, ಬೆಳಗ್ಗೆ 7:02

ಮೊಬೈಲಿಗೆ ಹೇಳಿದರೆ ಅದೇ ಚೀನೀಯಲ್ಲಿ ಮಾತನಾಡುವ ಕಾಲ ಇದು. ಒಂದು ವರ್ಷ ಕೂತು ಗೆರೆ ಎಳೆಯುವುದು ಯಾಕೆ? ತಪ್ಪು ತಿಳಿಯಬೇಡಿ, ಸುಮ್ಮನೆ ಕೇಳಿದೆ.

ಉತ್ತರದ ಚಳಿ (ಧಾರವಾಡ) · ಮಾರ್ಚ್ 3, ಬೆಳಗ್ಗೆ 9:30

ಸುಮ್ಮನೆ ಕೇಳಿದವರಿಗೆ ಆಮೇಲೆ ಯಾರಾದರೂ ಉತ್ತರ ಕೊಡಿ. ನನಗೆ ತಂಗಿಯ ಉಪ್ಪಿನ ವಿಷಯ ಮುಖ್ಯ.

2017ರಿಂದ ಎರಡು ವರ್ಷ ನಾನು ಬೀಜಿಂಗ್‌ನಲ್ಲಿ ಕಲಿತವನು. ವಿದೇಶಿ ವಿದ್ಯಾರ್ಥಿಗಳು ತುಂಬಿರುವ ವೂತಾವ್‌ಖೋವ್ ಬಡಾವಣೆಯಲ್ಲಿ ವಾಸ. ಮೊದಲ ಆರು ತಿಂಗಳು ನನ್ನದೂ ನಿಮ್ಮದೇ ಪಾಡು. ಆಮೇಲೆ ಹೊಳೆಯಿತು: ನಾನು ಚೀನೀಯನ್ನು ಇಂಗ್ಲಿಷಿನ ಬಾಯಲ್ಲಿ ಕಲಿಯುತ್ತಿದ್ದೆ. ರೋಮನ್ ಅಕ್ಷರದಲ್ಲಿ ಬರೆದ ‘ಬಿ’ಯನ್ನು ನೋಡಿ ಬಕಾರ ನುಡಿಯುತ್ತಿದ್ದೆ. ಅದು ಬಕಾರವೇ ಅಲ್ಲ, ನಮ್ಮ ಪಕಾರ. ಅವರು ‘ಪಿ’ ಎಂದು ಬರೆಯುವುದು ನಮ್ಮ ಫಕಾರ, ಫೋನಿನ ಫ ಅಲ್ಲ, ಫಲದ ಫ. ಹಾಗೆಯೇ ‘ಡಿ’ ತಕಾರ, ‘ಟಿ’ ಥಕಾರ. ‘ಜಿ’ ಕಕಾರ, ‘ಕೆ’ ಖಕಾರ. ಅಲ್ಪಪ್ರಾಣ, ಮಹಾಪ್ರಾಣ. ಅಮೆರಿಕದ ಸಹಪಾಠಿ ಬಾಯಿಯ ಮುಂದೆ ಕಾಗದದ ಚೂರು ಹಿಡಿದು, ಅದು ಹಾರುತ್ತದೆಯೋ ಇಲ್ಲವೋ ಎಂದು ತಿಂಗಳುಗಟ್ಟಲೆ ನೋಡಿದ್ದನ್ನು ನಮಗೆ ಒಂದನೆಯ ತರಗತಿಯಲ್ಲೇ ಕಲಿಸಿರುತ್ತಾರೆ. (‘ಬಾರತ’, ‘ದನ’ ಎಂದು ಭಾರತವನ್ನೂ ಧನವನ್ನೂ ನುಡಿಯುವವರು ಮೊದಲು ಕನ್ನಡ ಸರಿಮಾಡಿಕೊಳ್ಳಿ. ಮಾಸ್ತರರ ಮಗ, ಹೇಳದೆ ಇರಲಾರೆ.)

ಒಂದು ತಮಾಷೆ ನೋಡಿ. ತೈಪೆಯ ‘ಪೆ’ ಮತ್ತು ಬೀಜಿಂಗ್‌ನ ‘ಬೀ’ ಒಂದೇ ಅಕ್ಷರ. ಅರ್ಥ ಉತ್ತರ ದಿಕ್ಕು, ನುಡಿ ‘ಪೇಯ್’. ಒಂದೇ ಅಕ್ಷರವನ್ನು ಎರಡು ಪದ್ಧತಿಯವರು ರೋಮನ್ ಲಿಪಿಯಲ್ಲಿ ಎರಡು ಬಗೆಯಾಗಿ ಬರೆದರು. ನಾವು ಅದನ್ನು ನೋಡಿಕೊಂಡು ಒಂದು ಊರಿಗೆ ಪಕಾರ, ಇನ್ನೊಂದಕ್ಕೆ ಬಕಾರ ಹಚ್ಚಿದೆವು.

ನೀವು ತೈಪೆಯಲ್ಲಿ ಇರುವುದು ಇನ್ನೂ ಒಳ್ಳೆಯದು. ಅಲ್ಲಿ ಮಕ್ಕಳಿಗೆ ರೋಮನ್ ಅಕ್ಷರದಲ್ಲಿ ಕಲಿಸುವುದಿಲ್ಲ. 1918ರಲ್ಲಿ ಜಾರಿಗೆ ತಂದ ‘ಪೋ ಫೋ ಮೋ ಫೋ’ ಎಂಬ 37 ಚಿಹ್ನೆಗಳ ವರ್ಣಮಾಲೆ ಇದೆ. (ಕೊನೆಯ ಫೋ ಮಾತ್ರ ಫೋನಿನ ಫೋ.) ಅದನ್ನೊಮ್ಮೆ ಸಾಲಾಗಿ ಓದಿ ನೋಡಿ: ತುಟಿಯ ಅಕ್ಷರಗಳು ಒಂದು ಕಡೆ, ಹಲ್ಲಿನ ಬಳಿಯವು ಒಂದು ಕಡೆ, ಗಂಟಲಿನ ಕಡೆಯವು ಇನ್ನೊಂದು ಕಡೆ. ನಮ್ಮ ಕಖಗಘಙ ಓದಿದ ನಾಲಿಗೆಗೆ ಅದು ಪರಕೀಯ ಎನ್ನಿಸುವುದಿಲ್ಲ.

ಇನ್ನು ಸ್ವರ, ಎಂದರೆ ಶಬ್ದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. ಒಟ್ಟು ನಾಲ್ಕು. ಮೊದಲನೆಯದು ಶ್ರುತಿಪೆಟ್ಟಿಗೆ: ಮೇಲಿನ ದನಿಯಲ್ಲಿ ಅಲುಗದೆ ನಿಲ್ಲಬೇಕು. ಎರಡನೆಯದು ನಂಬಲಾಗದ್ದನ್ನು ಕೇಳಿ ‘ಹೌದಾ?’ ಎನ್ನುವಾಗಿನ ಏರು. ಮೂರನೆಯದನ್ನು ಪುಸ್ತಕದಲ್ಲಿ ಇಳಿದು ಏರುವ ಹಾಗೆ ಚಿತ್ರ ಬರೆದಿರುತ್ತಾರೆ, ನಂಬಬೇಡಿ. ಓಡುವ ಮಾತಿನಲ್ಲಿ ಅದು ಬರೀ ತಗ್ಗು, ನಿದ್ದೆಗಣ್ಣಿನ ‘ಹೂಂ’. ನಾಲ್ಕನೆಯದು ಅಪ್ಪ ‘ಸಾಕು!’ ಎಂದು ಗದರುವುದು.

ನಿಮ್ಮಲ್ಲಿ ಎಡವಟ್ಟಾಗಿರುವುದು ಬೇರೆ ಕಡೆ ಇರಬಹುದು. ನಾವು ಪ್ರಶ್ನೆ ಕೇಳುವಾಗ ಕೊನೆಯಲ್ಲಿ ದನಿ ಎತ್ತುತ್ತೇವೆ: ‘ಬಂದೆಯಾ?’ ಆ ಎತ್ತುವ ಕೆಲಸವನ್ನೆಲ್ಲ ವಾಕ್ಯದ ಕೊನೆಗೆ ಇಟ್ಟುಕೊಂಡು ನಡುವಿನ ಉಪ್ಪನ್ನು ಸಪಾಟಾಗಿ ಬಿಟ್ಟಿರುತ್ತೀರಿ. ಚೀನೀಯಲ್ಲಿ ಪ್ರಶ್ನೆಗೆ ದನಿ ಎತ್ತುವ ಗರಜಿಲ್ಲ, ‘ಮಾ’ ಸೇರಿಸಿದರೆ ಆಯಿತು. ಅಥವಾ ‘ಹಾವ್ ಪು ಹಾವ್’, ಒಳ್ಳೆಯದೋ ಅಲ್ಲವೋ. ಈ ಬರುತ್ತೀಯೋ ಇಲ್ಲವೋ ಎನ್ನುವ ಧಾಟಿ ನಮ್ಮದೇ.

ಹುಳಿಯನ್ನ (ಶಿನ್‌ಚು) · ಮಾರ್ಚ್ 3, ಬೆಳಗ್ಗೆ 10:05

ಗುರುಗಳೇ, ಎಲ್ಲ ಸರಿ, ಆದರೆ ಬೀಜಿಂಗ್‌ನ ನಾಲಿಗೆಯನ್ನು ಇಲ್ಲಿಗೆ ತರಬೇಡಿ. ಷಟ್ಕೋನದ ಷ, ಶಂಖದ ಶ ಎಂದು ನಾಲಿಗೆ ಮಡಚಿ ಮಾತನಾಡಿದರೆ ಇಲ್ಲಿನ ತರಕಾರಿಯವಳು ‘ಎಲ್ಲಿ ಕಲಿತೆ?’ ಎಂದು ನಗುತ್ತಾಳೆ. ಇಲ್ಲಿ ಅನೇಕರ ಬಾಯಲ್ಲಿ ಷಕಾರ ಸಕಾರವೇ. ಪರಿಣಾಮ: ನಾಲ್ಕು, ಹತ್ತು ಎರಡೂ ‘ಸ್’. ಇಳಿದರೆ ನಾಲ್ಕು, ಏರಿದರೆ ಹತ್ತು. ಗದ್ದಲದ ಸಂತೆಯಲ್ಲಿ ಅದನ್ನು ಕೇಳಿ ತಿಳಿದೆ ಎನ್ನುವವನು ಸುಳ್ಳ. ತರಕಾರಿಯವಳು ಎರಡು ತೋರುಬೆರಳನ್ನು ಅಡ್ಡಡ್ಡ ಇಟ್ಟು ತೋರಿಸುತ್ತಾಳೆ, ಅದು ಹತ್ತು. ನಾನು ಬೆರಳನ್ನು ನೋಡಿಯೇ ದುಡ್ಡು ಕೊಡುವವನು.

ಬಿಳಿಕೋಟು (ಕಲಬುರಗಿ) · ಮಾರ್ಚ್ 3, ಮಧ್ಯಾಹ್ನ 2:20

‘ಸುಮ್ಮನೆ ಕೇಳಿದೆ’ ಅವರಿಗೆ ನನ್ನ ಉತ್ತರ.

ನಾನು ಚೀನಾದಲ್ಲಿ ಎಂಬಿಬಿಎಸ್ ಓದಿದವನು. ಊರು, ಕಾಲೇಜಿನ ಹೆಸರು ಬೇಡ. ಪಾಠ ಇಂಗ್ಲಿಷಿನಲ್ಲಿ ಎಂದು ಹೇಳಿ ಸೇರಿಸಿಕೊಂಡಿದ್ದರು. ಪಾಠವೇನೋ ಇಂಗ್ಲಿಷಿನಲ್ಲಿ, ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲವಲ್ಲ. 2020ರ ಜನವರಿಯಲ್ಲಿ ರಜೆಗೆಂದು ಊರಿಗೆ ಬಂದವನು ಕೋವಿಡ್‌ನಿಂದ ಗಡಿ ಮುಚ್ಚಿ ಇಲ್ಲೇ ಉಳಿದೆ. 2022ರ ಕೊನೆಗೆ ಮರಳುವ ಹೊತ್ತಿಗೆ ಕಲಿತ ಅಷ್ಟಿಷ್ಟು ಚೀನೀಯೂ ಆವಿಯಾಗಿತ್ತು. ಹೋದ ಕೂಡಲೇ ವಾರ್ಡಿಗೆ ಹಾಕಿದರು.

ಮೊದಲ ವಾರ ಒಬ್ಬ ಅಜ್ಜಿ. ‘ಎಲ್ಲಿ ಥೆಂಗ್?’ ಎಂದು ಕೇಳಿದೆ. ಥೆಂಗ್ ಎಂದರೆ ನೋವು. ಅಜ್ಜಿ ಐದು ನಿಮಿಷ ಹೇಳಿದರು. ಒಂದು ಶಬ್ದವೂ ತಿಳಿಯಲಿಲ್ಲ. ಮೊಬೈಲನ್ನು ಬಾಯಿಯ ಬಳಿ ಹಿಡಿದೆ, ಅದಕ್ಕೂ ತಿಳಿಯಲಿಲ್ಲ. ಅಜ್ಜಿ ಆಡುತ್ತಿದ್ದದ್ದು ಆ ಜಿಲ್ಲೆಯ ಆಡುಭಾಷೆ. ಮೊಬೈಲ್ ‘ಹಳೆಯ ಛಾವಣಿಯ ಮೇಲೆ ಮಳೆ’ ಎಂದೇನೋ ತೋರಿಸಿತು. ಕೊನೆಗೆ ಪಕ್ಕದ ಹಾಸಿಗೆಯ ಹೆಂಗಸು ಅಜ್ಜಿಯ ಮಾತನ್ನು ಶಾಲೆಯ ಚೀನೀಗೆ ತಿರುಗಿಸಿ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ಅಂದು ರಾತ್ರಿ ಕೂತು ನೋವಿನ ಮಾತುಗಳನ್ನೆಲ್ಲ ಪಟ್ಟಿ ಮಾಡಿದೆ: ಚುಚ್ಚುವುದು, ಉರಿಯುವುದು, ಸೆಳೆಯುವುದು, ಜುಮ್ಮೆನ್ನುವುದು. ಪಕ್ಕದಲ್ಲಿ ಕನ್ನಡ ಬರೆದುಕೊಂಡೆ. ಇಂಗ್ಲಿಷಿನಲ್ಲಿ ಬರೆದುಕೊಳ್ಳಲು ಹೋದರೆ ನನಗೇ ಇಂಗ್ಲಿಷಿನಲ್ಲಿ ಅಷ್ಟು ಬಗೆಯ ನೋವು ಗೊತ್ತಿರಲಿಲ್ಲ.

ತುಂಗಾತೀರ (ತೈಪೆ) · ಮಾರ್ಚ್ 3, ರಾತ್ರಿ 9:50

ಇಷ್ಟು ಜನ ಬರೆಯುತ್ತೀರಿ ಎಂದು ಎಣಿಸಿರಲಿಲ್ಲ. ಹುಳಿಯನ್ನ ಅವರೇ, ಬೇಳೆ ಸಾರು. ಅನ್ನ, ಬೇಳೆ ಎರಡನ್ನೂ ಇಲ್ಲಿನ ದಾತೊಂಗ್ ವಿದ್ಯುತ್ ಪಾತ್ರೆಯಲ್ಲೇ ಒಂದರ ಮೇಲೊಂದು ಇಟ್ಟು ಬೇಯಿಸುತ್ತೇನೆ. ಹೊರಪಾತ್ರೆಗೆ ಒಂದು ಲೋಟ ನೀರು, ಗುಂಡಿ ಒತ್ತಿದರೆ ಮುಗಿಯಿತು. 1960ರಿಂದ ಅದೇ ಆಕಾರವಂತೆ. ನೋಡಲು ನಮ್ಮ ಹಳೆಯ ಇಡ್ಲಿ ಪಾತ್ರೆ.

ನೀವೆಲ್ಲ ದಿನಚರಿ ಹೇಳಲಿಲ್ಲ, ನಾನೇ ಹೇಳುತ್ತೇನೆ. ಇಲ್ಲಿ ಬೆಳಗ್ಗೆ ಎಂಟು ಎಂದರೆ ಊರಲ್ಲಿ ಐದೂವರೆ, ಅಮ್ಮ ಬಚ್ಚಲೊಲೆಗೆ ಬೆಂಕಿ ಹಾಕುವ ಹೊತ್ತು. ಆಗಲೇ ಫೋನ್. ಆಮೇಲೆ ಮೆಟ್ರೊ. ಮೆಟ್ರೊದಲ್ಲಿ ನಿಲ್ದಾಣದ ಹೆಸರನ್ನು ನಾಲ್ಕು ಭಾಷೆಯಲ್ಲಿ ಹೇಳುತ್ತಾರೆ: ಚೀನೀ, ತೈವಾನೀ, ಹಕ್ಕಾ, ಇಂಗ್ಲಿಷ್. ಆರು ತಿಂಗಳು ಇಂಗ್ಲಿಷಿನದಕ್ಕೇ ಕಾಯುತ್ತಿದ್ದೆ. ಇವತ್ತು ಮೊದಲನೆಯದನ್ನು ಕೇಳಿಯೇ ಎದ್ದು ನಿಂತೆ. ಒಂದು ನಿಲ್ದಾಣ ಮೊದಲೇ ಇಳಿದೆ, ಅದು ಬೇರೆ ಮಾತು.

ಚಳಿಗಾಲದ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಹನ್ನೆರಡು ಡಿಗ್ರಿಯೇ, ಆದರೆ ಮನೆಯೊಳಗೂ ಹನ್ನೆರಡು, ಜೊತೆಗೆ ಬಿಡದ ಜಿಟಿಜಿಟಿ. ಆಗುಂಬೆಯ ಮಳೆ ನೋಡಿದವಳು ನಾನು, ಆದರೆ ಅಲ್ಲಿ ಬಟ್ಟೆ ಒಣಗಿಸಲು ಒಲೆಯಿತ್ತು. ಇಲ್ಲಿ ತೇವ ಹೀರುವ ಯಂತ್ರ. ರಾತ್ರಿಯಿಡೀ ಓಡಿದರೆ ಬೆಳಗ್ಗೆ ಅದರ ಹೊಟ್ಟೆಯಲ್ಲಿ ಅರ್ಧ ಬಕೆಟ್ ನೀರು.

ಉತ್ತರದ ಚಳಿ (ಧಾರವಾಡ) · ಮಾರ್ಚ್ 3, ರಾತ್ರಿ 10:30

ಹನ್ನೆರಡು ಡಿಗ್ರಿಗೆ ಅಳುತ್ತೀರಾ! ಬೀಜಿಂಗ್‌ನಲ್ಲಿ ನವೆಂಬರ್ 15ಕ್ಕೆ ಊರಿಗೆಲ್ಲ ಒಟ್ಟಿಗೆ ಬಿಸಿನೀರಿನ ಕೊಳವೆ ಬಿಡುತ್ತಾರೆ, ಮಾರ್ಚ್ 15ಕ್ಕೆ ನಿಲ್ಲಿಸುತ್ತಾರೆ. ಹೊರಗೆ ಮೈನಸ್ ಹತ್ತು, ಕೋಣೆಯಲ್ಲಿ ಬನಿಯನ್. ಆ ನವೆಂಬರಿನ ಮೊದಲ ಎರಡು ವಾರ ಮಾತ್ರ ದೇವರೇ ಗತಿ. ಅಮ್ಮನಿಗೆ ಫೋನ್ ಮಾಡಬೇಕೆಂದರೆ ವಾಟ್ಸ್‌ಆ್ಯಪ್ ಅಲ್ಲಿ ನಡೆಯುವುದಿಲ್ಲ, ರಜೆಗೆ ಬಂದಾಗ ಅವರ ಮೊಬೈಲಿಗೆ ವೀಚಾಟ್ ಹಾಕಿಕೊಟ್ಟು ಹೋಗಿದ್ದೆ. ಮೊಸರಿನ ಕಷ್ಟ ಬೇರೆ. ಅಂಗಡಿಯ ಮೊಸರಿಗೆಲ್ಲ ಸಕ್ಕರೆ.

ಹುಳಿಯನ್ನ (ಶಿನ್‌ಚು) · ಮಾರ್ಚ್ 3, ರಾತ್ರಿ 10:34

‘ವೂ ಥಾಂಗ್’ ಎಂದು ಬರೆದಿರುವುದನ್ನು ಕೊಳ್ಳಬೇಕು, ಸಕ್ಕರೆ ಇಲ್ಲದ್ದು. ಅದನ್ನೇ ಹೆಪ್ಪು ಹಾಕಿ, ದಾತೊಂಗ್‌ನ ಉಗುರುಬೆಚ್ಚಗಿನ ಹೊಟ್ಟೆಯಲ್ಲಿ ರಾತ್ರಿ ಇಟ್ಟರೆ ಗಡ್ಡೆ ಮೊಸರು.

ಬಿಳಿಕೋಟು (ಕಲಬುರಗಿ) · ಮಾರ್ಚ್ 3, ರಾತ್ರಿ 10:41

ಅದು ಮೊಸರಲ್ಲ, ಲೋಳೆ. ಊರಿನಿಂದ ಒಣಮೆಣಸಿನಕಾಯಿಯ ತೊಟ್ಟು ಒಯ್ದು ಅದರಲ್ಲಿ ಹೆಪ್ಪು ಹಾಕಬೇಕು.

ನಿರ್ವಾಹಕರು · ಮಾರ್ಚ್ 3, ರಾತ್ರಿ 11:20

ಮೊಸರಿನ ಬಗ್ಗೆ ಬಂದ ಇನ್ನೂ ಹದಿನಾಲ್ಕು ಪ್ರತಿಕ್ರಿಯೆಗಳನ್ನು ಅಡುಗೆ ವಿಭಾಗಕ್ಕೆ ಸಾಗಿಸಲಾಗಿದೆ. ದಯವಿಟ್ಟು ಇಲ್ಲಿ ಚೀನೀ ಭಾಷೆಯ ಮಾತು.

ಚಕ್ಕೋತ (ದೇವನಹಳ್ಳಿ) · ಮಾರ್ಚ್ 5, ಸಂಜೆ 6:45

ತಡವಾಗಿ ನೋಡಿದೆ. ನಾನು ದುಭಾಷಿ. ದೇವನಹಳ್ಳಿಯ ಸುತ್ತ ತೈವಾನಿನ ಕಂಪನಿ ಫಾಕ್ಸ್‌ಕಾನ್ ಬಂದ ಮೇಲೆ ಈ ಕಡೆ ನಮ್ಮಂಥವರಿಗೆ ಕೆಲಸ ಹೆಚ್ಚಿದೆ. ಯಂತ್ರ ಕೂರಿಸುವ ತೈವಾನಿನ ಮೇಷ್ಟ್ರು ಒಂದು ಕಡೆ, ನಮ್ಮ ಹೊಸಕೋಟೆ, ಚಿಕ್ಕಬಳ್ಳಾಪುರದ ಹುಡುಗಿಯರು ಇನ್ನೊಂದು ಕಡೆ, ನಡುವೆ ನಾನು. ಮೊದಮೊದಲು ಚೀನೀಯನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ, ಅದನ್ನು ಕನ್ನಡಕ್ಕೆ ತರುತ್ತಿದ್ದೆ. ಎರಡು ಸಲ ತಲೆಕೆಳಗಾಗುತ್ತಿತ್ತು. ‘ವೋ ತ್ಸುಓಥ್ಯೆನ್ ಮಾಯ್ ತ ಷು’: ನಾನು, ನಿನ್ನೆ, ಕೊಂಡ, ಪುಸ್ತಕ. ಒಂದು ಪದವೂ ಜಾಗ ಬಿಟ್ಟು ಕದಲುವುದಿಲ್ಲ. ಪುಸ್ತಕವನ್ನು ಮುಂದೆ ತಂದು ಬಾಲಂಗೋಚಿ ಕಟ್ಟುವುದು ಇಂಗ್ಲಿಷಿನ ಪದ್ಧತಿ, ನಮ್ಮಿಬ್ಬರದೂ ಅಲ್ಲ. ಹಾಗೆಂದು ಎಲ್ಲವೂ ಹೀಗೇ ಎಂದುಕೊಳ್ಳಬೇಡಿ. ಕ್ರಿಯಾಪದವನ್ನು ಅವರು ನಡುವೆಯೇ ಉದುರಿಸಿಬಿಡುತ್ತಾರೆ. ಕೊನೆಯವರೆಗೆ ಕಾದು ಕುಳಿತರೆ ಸಿಗುವುದಿಲ್ಲ.

ಸಂಬಂಧದ ಮಾತಂತೂ ನಮ್ಮ ಮನೆಯದೇ. ಕಕ ಎಂದರೆ ಅಣ್ಣ, ತೀತಿ ತಮ್ಮ, ಚ್ಯೆಚ್ಯೆ ಅಕ್ಕ, ಮೇಯ್‌ಮೇಯ್ ತಂಗಿ. ಅಪ್ಪನ ಅಣ್ಣ ಪೋಪೋ, ಅಪ್ಪನ ತಮ್ಮ ಷುಷು, ಅಮ್ಮನ ಅಣ್ಣತಮ್ಮಂದಿರು ಚ್ಯೋಚ್ಯೋ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ. ಮೂವರನ್ನೂ ‘ಅಂಕಲ್’ ಮಾಡಿ ಕೂರಿಸುವ ಕಷ್ಟವಿಲ್ಲ. ತುಂಗಾತೀರ ಅವರೇ, ನೆರೆಮನೆಯ ಹೆಂಗಸನ್ನು ‘ಆ-ಯೀ’ ಎಂದು ಕರೆದು ನೋಡಿ. ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಮಾತು ತಾನಾಗಿ ಬರುತ್ತದೆ, ನಿಮ್ಮ ಬಾಯಿಂದಲ್ಲ, ಅವರ ಬಾಯಿಂದ. ನೀವು ಹೂಂಗುಟ್ಟಿದರೆ ಸಾಕು.

ಇನ್ನೊಂದು. ನಮ್ಮೂರಿನ ಚಕ್ಕೋತ ಹಣ್ಣನ್ನು ನಾನು ತೈವಾನಿನವರಿಗೆ ಕೊಟ್ಟಾಗ ಒಬ್ಬ ಹಿರಿಯ ಎಂಜಿನಿಯರ್ ಸಿಪ್ಪೆಯನ್ನು ಹೂವಿನ ಹಾಗೆ ಬಿಡಿಸಿ ತಲೆಗೆ ಟೋಪಿ ಹಾಕಿಕೊಂಡರು. ಅವರಲ್ಲಿ ಎಂಟನೆಯ ಚಾಂದ್ರಮಾಸದ ಹುಣ್ಣಿಮೆ ಹಬ್ಬಕ್ಕೆ ಇದೇ ಹಣ್ಣಂತೆ, ಮಕ್ಕಳ ತಲೆಗೆಲ್ಲ ಸಿಪ್ಪೆಯ ಟೋಪಿಯಂತೆ. ಆ ಹುಣ್ಣಿಮೆಯವರೆಗೆ ಇರುತ್ತೀರಾದರೆ ನೋಡಿ ಬನ್ನಿ.

ಸುಮ್ಮನೆ ಕೇಳಿದೆ (ಮೈಸೂರು) · ಮಾರ್ಚ್ 5, ರಾತ್ರಿ 8:10

ಉತ್ತರ ಸಿಕ್ಕಿತು. ಆದರೂ ಅಜ್ಜಿಗೆ ಕೊನೆಗೆ ಏನಾಗಿತ್ತು?

ಬಿಳಿಕೋಟು (ಕಲಬುರಗಿ) · ಮಾರ್ಚ್ 5, ರಾತ್ರಿ 8:55

ಪಿತ್ತಕೋಶದಲ್ಲಿ ಕಲ್ಲು. ಗುಣವಾಗಿ ಮನೆಗೆ ಹೋದರು. ಹೋಗುವಾಗ ನನಗೆ ಕಿತ್ತಳೆ ಕೊಟ್ಟು ಮತ್ತೆ ಐದು ನಿಮಿಷ ಮಾತನಾಡಿದರು. ಆಗಲೂ ತಿಳಿಯಲಿಲ್ಲ.

ತುಂಗಾತೀರ (ತೈಪೆ) · ಮಾರ್ಚ್ 21, ರಾತ್ರಿ 9:35

ಎರಡು ವಾರ ಪರೀಕ್ಷೆಯಿತ್ತು, ಬರೆಯಲಾಗಲಿಲ್ಲ. ಈಗಷ್ಟೇ ಕಸ ಹಾಕಿ ಬಂದೆ, ಅದನ್ನೇ ಹೇಳುತ್ತೇನೆ.

ಇಲ್ಲಿ ಕಸವನ್ನು ಬೀದಿಯಲ್ಲಿ ಇಟ್ಟು ಬರುವ ಹಾಗಿಲ್ಲ. ಲಾರಿ ಬರುವ ಹೊತ್ತಿಗೆ ಕೈಯಲ್ಲಿ ಹಿಡಿದು ನಿಂತಿರಬೇಕು. ಬುಧವಾರ, ಭಾನುವಾರ ಬರುವುದಿಲ್ಲ. ದುಡ್ಡು ಕೊಟ್ಟು ಕೊಂಡ ನಗರಪಾಲಿಕೆಯ ನೀಲಿ ಚೀಲವೇ ಆಗಬೇಕು. ಲಾರಿ ದೂರದಿಂದಲೇ ಬೀಥೋವನ್‌ನ ರಾಗ ನುಡಿಸುತ್ತ ಬರುತ್ತದೆ. ಕೇಳಿದ ಕೂಡಲೇ ಎಲ್ಲ ಮಹಡಿಗಳಿಂದ ಚಪ್ಪಲಿಯ ಸದ್ದು. ಆರು ತಿಂಗಳಿಂದ ಅದೇ ಕಟ್ಟೆಯ ಬಳಿ ನಿಲ್ಲುತ್ತೇನೆ, ಮೂರನೆಯ ಮಹಡಿಯ ಹೆಂಗಸು ನನ್ನ ಪಕ್ಕದಲ್ಲೇ ನಿಲ್ಲುತ್ತಾರೆ. ಇಬ್ಬರೂ ಮೊಬೈಲ್ ನೋಡುತ್ತ ನಿಲ್ಲುತ್ತಿದ್ದೆವು.

ಇವತ್ತು ‘ಆ-ಯೀ, ಊಟವಾಯಿತೇ?’ ಎಂದೆ. ಇಲ್ಲಿಯೂ ಹಾಗೆಯೇ ಕೇಳುತ್ತಾರೆ, ‘ಹೊಟ್ಟೆ ತುಂಬಿತೇ’ ಎಂದು. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನಿಲ್ಲಲಿಲ್ಲ. ನನ್ನ ಕೈಯ ಡಬ್ಬಿ ನೋಡಿ, ಬೇಯಿಸಿದ ಮುಸುರೆ ಬೇರೆ, ಹಸಿ ಸಿಪ್ಪೆ ಬೇರೆ, ಎರಡನ್ನೂ ಒಂದರಲ್ಲೇ ತಂದಿದ್ದೀಯ ಎಂದು ಗದರಿದರು. ಎಲ್ಲ ನಾಲ್ಕನೆಯ ಸ್ವರ. ಆಮೇಲೆ ಕೇಳಿದರು: ದಿನಾ ಸಂಜೆ ಏಳು ಗಂಟೆಗೆ ನಿನ್ನ ಕಿಟಕಿಯಿಂದ ಬರುವ ಆ ವಾಸನೆ ಏನು?

ಒಗ್ಗರಣೆಯ ಇಂಗು. ಚೀನೀಯಲ್ಲಿ ಅದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ‘ಇಂಗು’ ಎಂದೆ. ಅವರು ‘ಯಿಂಗ್‌ಕೂ’ ಎಂದರು, ಎರಡನೆಯದನ್ನು ಗದರುವ ಹಾಗೆ ಇಳಿಸಿ. ಅಲ್ಲ ಆ-ಯೀ, ಹಾಗೆ ಇಳಿಸಬಾರದು, ಸಮವಾಗಿ, ‘ಇಂಗು’. ಲಾರಿ ಬಂದು ನಿಂತಿತ್ತು. ಅವರು ನೀಲಿ ಚೀಲ ಎಸೆದು ಬಂದು ಮತ್ತೆ ಹೇಳಿದರು, ತಪ್ಪಾಗಿ. ನಾನು ಮತ್ತೆ ತಿದ್ದಿದೆ. ಮೆಟ್ಟಿಲು ಹತ್ತುವಾಗ ಮೂರನೆಯ ಮಹಡಿಯವರೆಗೂ ಅದನ್ನೇ ಹೇಳಿಕೊಂಡು ಹೋದರು.

ಹುಳಿಯನ್ನ (ಶಿನ್‌ಚು) · ಮಾರ್ಚ್ 21, ರಾತ್ರಿ 9:41

ತಂಗಿ, ನನ್ನ ಡಬ್ಬಿ ಮುಗಿದು ಎರಡು ತಿಂಗಳಾಯಿತು. ಇಂಗು ತೈಪೆಯಲ್ಲಿ ಸಿಗುತ್ತದೆಯೋ, ಊರಿನಿಂದ ತಂದದ್ದೋ? ಮೊದಲು ಅದನ್ನು ಹೇಳು.